ಹುಲ್ಲಿನ ತಪ್ಪಲ್ಲ

ಪುಟ್ಟಸಿದ್ದಯ್ಯ ಪಶು ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿ ದುಡಿದು ಯಳಂದೂರಿನಲ್ಲಿ ನಿವೃತ್ತರಾದವರು. ದನ ಕಟ್ಟಿ ಹಾಕುವುದು, ಸೂಜಿ ಕುದಿಸುವುದು, ಲಸಿಕೆಯ ಐಸ್ ಡಬ್ಬ ಹೊತ್ತು ಹಳ್ಳಿ ಸುತ್ತುವುದು ಅವರ ಕೆಲಸ. ಹಳ್ಳಿಯವರಿಗೆ ಅಟೆಂಡರ್ ಯಾರು, ಡಾಕ್ಟರ್ ಯಾರು ಎಂಬ ಭೇದವಿರಲಿಲ್ಲ. ಖಾಕಿ ಪ್ಯಾಂಟು ಹಾಕಿ ಹೋರಿಯ ಮೂಗುದಾಣ ಹಿಡಿದವರೆಲ್ಲ ಅವರಿಗೆ ಡಾಕ್ಟ್ರೇ. ಮೊದಮೊದಲು ಪುಟ್ಟಸಿದ್ದಯ್ಯ, “ನಾನು ಡಾಕ್ಟ್ರಲ್ಲ ಕಣ್ರಪ್ಪ” ಎಂದು ತಿದ್ದುತ್ತಿದ್ದರು. ಆಮೇಲೆ ತಿದ್ದುವುದನ್ನು ಬಿಟ್ಟರು. ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂತಾಗ, ಆ ಒಂದು ಮಾತು ಕಿವಿಗೆ ಬೀಳದೆ ಇದ್ದರೆ ದಿನವೇ ಕಳೆಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಕೊಳ್ಳೇಗಾಲದಿಂದ ಫೋನು ಬಂತು. ರೇಷ್ಮೆ ಸೀರೆ ಅಂಗಡಿಯ ಬಸವಕುಮಾರ್ ಅವರ ಹೆಂಡತಿ ಪದ್ಮಿನಿ. “ಡಾಕ್ಟ್ರೇ, ನಮ್ಮನೇಲಿ ಎರಡು ಚಿಂಚಿಲ್ಲಾ ಇವೆ. ನಮ್ಮ ಕಡೆ ಮೇವಿನ ವಿಷಯ ನಿಮ್ಮಷ್ಟು ತಿಳಿದವರು ಇಲ್ಲ ಅಂದ್ರು. ಒಂದ್ಸಲ ಬರ್ತೀರಾ?”

ಚಿಂಚಿಲ್ಲಾ ಎಂದರೇನು ಎಂದು ಪುಟ್ಟಸಿದ್ದಯ್ಯ ಕೇಳಲಿಲ್ಲ. ಬರುತ್ತೇನೆ ಎಂದರು.

ಮೊಲಕ್ಕಿಂತ ಚಿಕ್ಕದು, ಅಳಿಲಿಗಿಂತ ದೊಡ್ಡದು. ಬೂದುಬಣ್ಣ, ದುಂಡನೆಯ ಕಿವಿ, ಪೊದೆಯಂಥ ಬಾಲ. ಮುಟ್ಟಿದರೆ ಬೆರಳು ಕೂದಲಲ್ಲಿ ಮುಳುಗುತ್ತಿತ್ತು. ಸಮುದ್ರದಾಚೆಯ ಯಾವುದೋ ಎತ್ತರದ ಚಳಿ ಬೆಟ್ಟದ ಪ್ರಾಣಿಯಂತೆ. ಸೆಕೆ ತಡೆಯದು ಎಂದು ಅವಕ್ಕೆಂದೇ ಮಹಡಿಯ ಕೋಣೆಗೆ ಏಸಿ ಹಾಕಿಸಿದ್ದರು. ಮೈಸೂರಿನಲ್ಲಿ ಸಾಕಿದ್ದವರು ಊರು ಬಿಡುವಾಗ ಪದ್ಮಿನಿಯ ಮಡಿಲಿಗೆ ಹಾಕಿ ಹೋಗಿದ್ದರು. ಗಂಡಿಗೆ ಗುಂಡ, ಹೆಣ್ಣಿಗೆ ಬೆಳ್ಳಿ ಎಂದು ಆಕೆ ಹೆಸರಿಟ್ಟಿದ್ದರು. ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ರಾತ್ರಿಯೇ ಬರುವುದು. ಮಕ್ಕಳಿಲ್ಲದ ಆ ದೊಡ್ಡ ಮನೆಯಲ್ಲಿ ಆಕೆ ಹಗಲೆಲ್ಲ ಮಾತಾಡುತ್ತಿದ್ದುದು ಆ ಎರಡರ ಜೊತೆಗೇ.

ಕೋಣೆಯ ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ಮೈಸೂರಿನ ಪ್ರಾಣಿವೈದ್ಯೆಯೊಬ್ಬರು ಹೇಳಿದ್ದನ್ನು ಪದ್ಮಿನಿ ದುಂಡಗೆ ಬರೆದುಕೊಂಡಿದ್ದರು. ಒಣಹುಲ್ಲೇ ಊಟ, ಅದು ಸದಾ ಇರಬೇಕು. ಒಣದ್ರಾಕ್ಷಿ, ಬೆಲ್ಲ, ಹಣ್ಣು, ಕಡಲೆಕಾಯಿ, ಕಾಳು ಕೂಡದು. ಇವಕ್ಕೆ ವಾಂತಿ ಮಾಡಲು ಬರುವುದಿಲ್ಲ, ಹೊಟ್ಟೆಯಲ್ಲಿ ಗ್ಯಾಸ್ ತುಂಬಿದರೆ ಉಳಿಯುವುದು ಕಷ್ಟ.

“ಹೊರಗಡೆಯಿಂದ ಬರೋ ಹುಲ್ಲಿನ ಪ್ಯಾಕೆಟ್ಟು ಒಂದೊಂದ್ಸಲ ತಿಂಗಳು ಕಳೆದ್ರೂ ಬರಲ್ಲ ಡಾಕ್ಟ್ರೇ. ಇಲ್ಲೇ ಒಳ್ಳೆ ಹುಲ್ಲು ಒಣಗಿಸಿಕೊಳ್ಳೋಕೆ ಆಗಲ್ವಾ?”

“ಅದ್ಯಾವ ದೊಡ್ಡ ಮಾತು ಬುಡಿ ಅಮ್ಮಾವ್ರೆ” ಎಂದರು ಪುಟ್ಟಸಿದ್ದಯ್ಯ.

ಆದರೆ ಅದು ದೊಡ್ಡ ಮಾತೇ ಆಯಿತು. ಅವರು ಮೊದಲು ರಾಗಿಹುಲ್ಲು ತಂದರು. ಗುಂಡ ಮೂಸಿ ಮುಖ ತಿರುಗಿಸಿದ. ಧನಗೆರೆಯ ಪರಿಚಯದವರ ಗದ್ದೆಬದುವಿನಿಂದ ಸೀಮೆಹುಲ್ಲು ತಂದರು. ಒಳಗೆ ತೇವ ಉಳಿದು ಮೂರೇ ದಿನಕ್ಕೆ ಮೂಟೆ ಬಿಸಿಯಾಗಿ ಹುಳಿವಾಸನೆ ಹೊಡೆಯಿತು. ಕುದುರೆಮಸಾಲೆ ಸೊಪ್ಪು ತಂದರೆ, ಅದು ಮರಿಗಳಿಗೆ, ಬಸುರಿಗೆ ಸರಿ, ಬೆಳೆದವಕ್ಕೆ ದಿನವೂ ಕೂಡದು ಎಂದು ಮೈಸೂರಿನ ವೈದ್ಯೆ ಫೋನಿನಲ್ಲೇ ಬೇಡವೆಂದರು. ಸಾವಿರ ದನಕ್ಕೆ ಮೇವು ಹೇಳಿದ ತನಗೆ ಮುಷ್ಟಿಗಾತ್ರದ ಪ್ರಾಣಿ ಸೋಲು ತೋರಿಸುತ್ತಿದೆಯಲ್ಲ ಎಂದು ಅವರಿಗೆ ಒಳಗೇ ಉರಿಯಿತು. ಆಗ ನೆನಪಾದವಳು ಬೊಮ್ಮಿ.

ಬೊಮ್ಮಿ ಲೊಕ್ಕನಹಳ್ಳಿಯಾಚೆ ಕಾಡಂಚಿನ ಸೋಲಿಗರ ಪೋಡಿನವಳು. ನಲವತ್ತರ ಆಸುಪಾಸು. ಕಾಲುಬಾಯಿ ಜ್ವರದ ಲಸಿಕೆಗೆ ಹೋದಾಗಲೆಲ್ಲ ಪುಟ್ಟಸಿದ್ದಯ್ಯ ಅವಳ ಹಟ್ಟಿಯ ಮುಂದೆ ಕೂತು ರಾಗಿ ಅಂಬಲಿ ಕುಡಿದಿದ್ದರು. ಅವಳ ಹಸುಗಳಿಗೆ ಹೊಟ್ಟೆ ಕೆಟ್ಟದ್ದನ್ನು ಅವರು ಕಂಡಿರಲಿಲ್ಲ. ಅವರೇ ಹೋಗಿ ಕರೆದರು. ಅವರೇ ಪದ್ಮಿನಿಯ ಮುಂದೆ ನಿಲ್ಲಿಸಿ, “ನಂಬಿಕಸ್ತೆ. ನಾನು ಜವಾಬ್ದಾರಿ” ಎಂದರು.

ಬೊಮ್ಮಿ ಮೊದಲ ದಿನ ಪ್ರಾಣಿಯನ್ನು ನೋಡಲಿಲ್ಲ. ಅದು ಹಾಕಿದ ಹಿಕ್ಕೆಯನ್ನು ಅಂಗೈಲಿಟ್ಟು ಚಿವುಟಿ ನೋಡಿದಳು. ಪ್ಯಾಕೆಟ್ಟಿನಲ್ಲಿ ಉಳಿದಿದ್ದ ಪರದೇಶದ ಹುಲ್ಲಿನ ಎಳೆಯನ್ನು ಮೂಸಿ, ಹಲ್ಲಲ್ಲಿ ಕಚ್ಚಿದಳು.

“ಗಟ್ಟಿ ಕಡ್ಡಿ ಬೇಕು ಇದ್ಕೆ. ತೆನೆ ಬುಡೋಕ್ ಮುಂಚೆ ಕುಯ್ದುದ್ದು. ನಮ್ ಒಲದ ಬದೀಲಿ ಅಂತಾದ್ದು ಅದೆ ಕಣವ್ವ” ಎಂದಳು.

ಆ ಮೇಲೆ ಪ್ರತಿ ಗುರುವಾರ ಅವಳು ಲೊಕ್ಕನಹಳ್ಳಿಯಿಂದ ಬಸ್ಸಿಗೆ ಮೂಟೆ ಹಾಕಿಕೊಂಡು ಬರತೊಡಗಿದಳು. ಮೆಕ್ಕೆಜೋಳಕ್ಕೆ ಕಳೆಔಷಧಿ ಹೊಡೆದ ಹೊಲದ ಹತ್ತಿರವೂ ಕುಡುಗೋಲು ಇಡುತ್ತಿರಲಿಲ್ಲ. ಇಬ್ಬನಿ ಆರಿದ ಮೇಲೆ ಕೊಯ್ದು, ಒಂದು ಬಿಸಿಲು ತೋರಿಸಿ, ಉಳಿದದ್ದು ನೆರಳಲ್ಲಿ. ಮಗುಚಿ ಮಗುಚಿ ಒಣಗಿಸಿದ ಹುಲ್ಲು ಹಸಿರುಬಣ್ಣ ಬಿಡದೆ ಗರಗರ ಎನ್ನುತ್ತಿತ್ತು. ಕಾಂಗ್ರೆಸ್ ಗಿಡದ ಒಂದೇ ಒಂದು ಎಲೆ ಸೇರಿದ್ದರೂ ಹುಡುಕಿ ತೆಗೆಯುತ್ತಿದ್ದಳು. ಹಲ್ಲು ಸವೆಸಲು ಔಷಧಿ ಕಾಣದ ಹಿಪ್ಪುನೇರಳೆ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ ತರುತ್ತಿದ್ದಳು. ವಾರಕ್ಕೊಮ್ಮೆ ತಿಂಡಿಯೆಂದು ಒಣಗಿಸಿದ ನಾಟಿ ಗುಲಾಬಿಯ ಎಸಳು, ತಲಾ ಎರಡು. ಮೈಸೂರಿನ ವೈದ್ಯೆಗೆ ಫೋಟೋ ಕಳಿಸಿದರೆ, “ಇಷ್ಟು ಒಳ್ಳೆ ಹುಲ್ಲು ನಮಗೂ ಸಿಗಲ್ಲ, ಇಲ್ಲಿ ಮೊಲ ಸಾಕಿರೋರಿಗೂ ಕೊಡ್ತಾರಾ ಕೇಳಿ” ಎಂದರು. ಮೈಸೂರಿನ ಮೂರು ಮನೆಯವರು ಬೊಮ್ಮಿಯ ಹುಲ್ಲಿಗೆ ಹೇಳಿಟ್ಟರು.

ಗುರುವಾರ ಬೊಮ್ಮಿ ಬಂದರೆ ಪದ್ಮಿನಿ ಮಹಡಿಯಿಂದ ಇಳಿಯುತ್ತಲೇ ಇರಲಿಲ್ಲ. ಇಬ್ಬರೂ ಗೂಡು ಗುಡಿಸುತ್ತ, ಹುಲ್ಲು ಆರಿಸುತ್ತ, ಊಟವನ್ನೂ ಅಲ್ಲೇ ಮಾಡುತ್ತಿದ್ದರು. ಬೆಳ್ಳಿ ಬೊಮ್ಮಿಯ ಹೆಗಲೇರಿ ಕೂದಲಲ್ಲಿ ಮೂತಿ ತೂರಿಸುತ್ತಿತ್ತು. ಗುಂಡ ಅವಳ ಸೆರಗು ಎಳೆಯುತ್ತಿದ್ದ.

ಪುಟ್ಟಸಿದ್ದಯ್ಯ ವಾರಕ್ಕೆ ಮೂರು ದಿನ ಬಂದು ತೂಕ ನೋಡಿ, ಪುಸ್ತಕದಲ್ಲಿ ಬರೆದು, ಕಾಫಿ ಕುಡಿದು ಹೋಗುತ್ತಿದ್ದರು. ಈಗ ಪದ್ಮಿನಿ ಅವರನ್ನು ಏನೂ ಕೇಳುತ್ತಿರಲಿಲ್ಲ. ಒಮ್ಮೆ ಅವರು, ಮಳೆಗಾಲಕ್ಕೆ ಹುಲ್ಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು ಎಂದಾಗ ಪದ್ಮಿನಿ, “ಇರಿ, ಬೊಮ್ಮೀನ ಕೇಳೋಣ” ಎಂದರು. ಪ್ಲಾಸ್ಟಿಕ್ಕಿನಲ್ಲಿ ಹುಲ್ಲು ಬೆವರುತ್ತದೆ, ಗೋಣಿಚೀಲವೇ ಸರಿ ಎಂದು ಬೊಮ್ಮಿ ಹೇಳಿದಳು. ಪದ್ಮಿನಿ ತಲೆಯಾಡಿಸಿದರು. ಪುಟ್ಟಸಿದ್ದಯ್ಯ ಕಾಫಿ ಲೋಟ ಕೆಳಗಿಟ್ಟು ಕಿಟಕಿಯಾಚೆ ನೋಡಿದರು.

ಅವರು ಕೈಚಾಚಿದರೆ ಗುಂಡ ಹಿಂದೆ ಸರಿಯುತ್ತಿದ್ದ. ಅದೂ ಅವರಿಗೆ ಸಹಿಸಲಾಗಲಿಲ್ಲ. ಒಂದು ಸೋಮವಾರ, ಪದ್ಮಿನಿ ಕೆಳಗೆ ಅಡುಗೆಮನೆಯಲ್ಲಿದ್ದಾಗ, ಜೇಬಿನಿಂದ ಒಂದು ಒಣದ್ರಾಕ್ಷಿ ತೆಗೆದು ಚಾಚಿದರು. ಗುಂಡ ಎರಡು ಕೈಯಲ್ಲಿ ಹಿಡಿದು ಮಕ್ಕಳಂತೆ ತಿಂದ. ಮತ್ತೆ ಬಂದು ಅವರ ಬೆರಳು ಮೂಸಿದ. ಬಾಗಿಲ ಮೇಲಿನ ಕಾಗದವನ್ನು ಪುಟ್ಟಸಿದ್ದಯ್ಯ ನೂರು ಸಲ ಓದಿದ್ದರು. ಒಂದು ದ್ರಾಕ್ಷಿಗೆ ಏನಾಗುತ್ತದೆ, ಕುದುರೆಗೆ ಬೆಲ್ಲ ಕೊಡುವುದಿಲ್ಲವೇ ಎಂದುಕೊಂಡರು. ಒಂದು ಎರಡಾಯಿತು, ಎರಡು ಐದಾಯಿತು. ಆಮೇಲೆ ನೆನೆಸಿದ ಹುರುಳಿಕಾಳೂ ಸೇರಿತು. ಬೆಳ್ಳಿ ಇವನ್ನು ಮೂಸಿಯೂ ನೋಡುತ್ತಿರಲಿಲ್ಲ. ಗುಂಡನೋ ಅವರ ಚಪ್ಪಲಿ ಸದ್ದಿಗೇ ಗೂಡಿನ ಸರಳು ಹಿಡಿದು ನಿಲ್ಲತೊಡಗಿದ. “ನೋಡಿ, ಗುಂಡ ನಿಮಗೆ ಎಷ್ಟು ಹೊಂದಿಕೊಂಡುಬಿಟ್ಟ ಡಾಕ್ಟ್ರೇ!” ಎಂದು ಪದ್ಮಿನಿ ನಕ್ಕ ದಿನ ಪುಟ್ಟಸಿದ್ದಯ್ಯ ಖುಷಿಯಾಗಿ ಮನೆಗೆ ಹೋದರು.

ಒಂದು ಗುರುವಾರ, ಮಂಡಿನೋವಿಗೆ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದ ಅವರನ್ನು ಬೊಮ್ಮಿ ತಡೆದಳು. ಅಂಗೈಯಲ್ಲಿ ಎರಡು ದ್ರಾಕ್ಷಿತೊಟ್ಟು ಇದ್ದವು.

“ಗೂಡು ಗುಡ್ಸುವಾಗ ಸಿಕ್ಕುದ್ವು ಸಾ. ಕೊಡಬ್ಯಾಡಿ ಅಂತ ಅವ್ವಾರು ಬರ್ದವ್ರಲ್ಲ. ಅದು ಉಲ್ಲು ತಿನ್ನೋದ್ನೇ ಕಮ್ಮಿ ಮಾಡದೆ.”

“ನಂಗೆ ಏಳ್ಕೊಡ್ತೀಯಾ ನೀನು? ಉಲ್ಲು ತತ್ತೀಯ, ಉಲ್ಲು ಆಕು, ಓಗು” ಎಂದರು ಪುಟ್ಟಸಿದ್ದಯ್ಯ.

ಬೊಮ್ಮಿ ತೊಟ್ಟುಗಳನ್ನು ಕಸದ ಮೊರಕ್ಕೆ ಹಾಕಿ ಒಳಗೆ ಹೋದಳು. ಪದ್ಮಿನಿಗೆ ಹೇಳಲಿಲ್ಲ. ತನ್ನನ್ನು ಈ ಮನೆಗೆ ಕರೆತಂದವರು, ವಯಸ್ಸಾದವರು, ಒಂದು ಮಾತಿಗೆ ತಿದ್ದಿಕೊಂಡಾರು ಎಂದು ಅವಳಿಗೆ ಅನಿಸಿತ್ತು.

ಅವರು ತಿದ್ದಿಕೊಳ್ಳಲಿಲ್ಲ. ಹನ್ನೆರಡು ದಿನ ಕಳೆದು ಒಂದು ಮಂಗಳವಾರ ಬೆಳಿಗ್ಗೆ ಪದ್ಮಿನಿಯ ಫೋನು. ಗುಂಡ ಮೂಲೆಯಲ್ಲಿ ಬೆನ್ನು ಗೂನು ಮಾಡಿ ಕೂತಿದ್ದಾನೆ, ಹಲ್ಲು ಕಡಿಯುತ್ತಿದ್ದಾನೆ, ನಿನ್ನೆ ಸಂಜೆಯಿಂದ ಹಿಕ್ಕೆ ಹಾಕಿಲ್ಲ. ಸೋಮವಾರ ತಾವು ಕೊಟ್ಟದ್ದು ಒಂದು ಹಿಡಿ ಎಂಬುದು ಪುಟ್ಟಸಿದ್ದಯ್ಯನವರಿಗೆ ಬಸ್ಸಿನಲ್ಲಿ ಕೂತಾಗಲೇ ನೆನಪಾಯಿತು. ಬಂದು ಹೊಟ್ಟೆ ಮುಟ್ಟಿದರು. ತಮಟೆಯ ಹಾಗೆ ಬಿಗಿದಿತ್ತು. ಹೊಟ್ಟೆ ಉಬ್ಬಿ ಸತ್ತ ದನಗಳನ್ನು ಅವರು ಬಹಳ ಕಂಡಿದ್ದರು.

ಬಸವಕುಮಾರ್ ಅಂಗಡಿ ಬಿಟ್ಟು ಕಾರು ತಂದರು. ಮೂವರೂ ಮೈಸೂರಿಗೆ ಹೊರಟರು. ದಾರಿಯಲ್ಲಿ ವೈದ್ಯೆ ಫೋನಿನಲ್ಲಿ ಕೇಳುತ್ತಿದ್ದರು. “ಸಿಹಿ ಏನಾದ್ರೂ ತಿಂದಿದ್ಯಾ? ಕಾಳು? ಹಣ್ಣು?”

“ಇಲ್ಲ ಮೇಡಂ, ನಾನು ಯಾವತ್ತೂ ಕೊಟ್ಟಿಲ್ಲ” ಎಂದರು ಪದ್ಮಿನಿ.

“ಹಾಗಾದ್ರೆ ಹುಲ್ಲಿನಲ್ಲಿ ಬೂಷ್ಟು ಇತ್ತಾ?”

ಪದ್ಮಿನಿ ಹಿಂದಿನ ಸೀಟಿನತ್ತ ತಿರುಗಿದರು. ಹೇಳಿಬಿಡಬಹುದಾಗಿದ್ದ ಹೊತ್ತು ಅದು. ಹೇಳಿದ್ದರೆ ಆಸ್ಪತ್ರೆಯಲ್ಲಿ ಚಿಕಿತ್ಸೆಗೂ ದಾರಿಯಾಗುತ್ತಿತ್ತೇನೋ. ಪುಟ್ಟಸಿದ್ದಯ್ಯ, “ಓದ್ ವಾರದ ಮೂಟೆ ಯಾಕೋ ತ್ಯಾವ ಇದ್ದಂಗಿತ್ತು ಅಮ್ಮಾವ್ರೆ. ಮಳೆ ಬಂದಿತ್ತಲ್ಲ ಆ ಕಡೆ” ಎಂದರು.

ತಿರುಮಕೂಡಲು ನರಸೀಪುರ ದಾಟುವಷ್ಟರಲ್ಲಿ ಗುಂಡ ಪದ್ಮಿನಿಯ ಮಡಿಲಲ್ಲೇ ಸತ್ತ. ಆಕೆ ಅಳಲಿಲ್ಲ. ಟವೆಲ್ಲಿನ ತುದಿಯಿಂದ ಅದರ ಮೂತಿ ಒರೆಸುತ್ತಲೇ ಇದ್ದರು. ಮೈಸೂರಿಗೆ ಹೋಗುವ ಅಗತ್ಯ ಉಳಿಯಲಿಲ್ಲ. ಕಾರು ತಿರುಗಿತು.

ಮನೆಗೆ ಬಂದವರೇ ಪುಟ್ಟಸಿದ್ದಯ್ಯ ಮಹಡಿಯಲ್ಲಿದ್ದ ಹುಲ್ಲಿನ ಮೂಟೆಯನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ ಬೆಂಕಿ ಇಟ್ಟರು. ಇನ್ನೊಂದಕ್ಕೂ ತಗುಲಬಾರದು ಎಂದರು. ಒಣಗಿದ ಹುಲ್ಲು ಒಂದೇ ಉಸಿರಿಗೆ ಉರಿದುಹೋಯಿತು. ಹೊಗೆಯೂ ಏಳಲಿಲ್ಲ.

ಗುರುವಾರ ಬೊಮ್ಮಿ ಏನೂ ತಿಳಿಯದೆ ಹೊಸ ಮೂಟೆ ಹೊತ್ತು ಬಂದಳು. ಬಸವಕುಮಾರ್ ಜಗಲಿಯಲ್ಲೇ ನಿಲ್ಲಿಸಿದರು. ಪದ್ಮಿನಿಯೂ ಪುಟ್ಟಸಿದ್ದಯ್ಯನವರೂ ಬಾಗಿಲ ಬಳಿ ಇದ್ದರು.

“ಬೂಷ್ಟು ಹಿಡಿದ ಹುಲ್ಲು ತಂದು ಹಾಕಿ ಜೀವ ತೆಗೆದ್ಯಲ್ಲಮ್ಮ.”

ಬೊಮ್ಮಿ ಮೂಟೆ ಇಳಿಸಿ ಬಾಯಿ ಬಿಚ್ಚಿದಳು. ಒಂದು ಹಿಡಿ ತೆಗೆದು ಎಲ್ಲರ ಮುಂದೆ ಚಾಚಿದಳು. “ನೋಡಿ ಸೋಮಿ. ಮೂಸಿ ನೋಡಿ. ಇದ್ರಲ್ಲಿ ಎಲ್ಲದೆ ಬೂಷ್ಟು?”

“ಈ ಮೂಟೇಲಿ ಇಲ್ಲ. ಆ ಮೂಟೇಲಿತ್ತು” ಎಂದರು ಪುಟ್ಟಸಿದ್ದಯ್ಯ.

“ಆ ಮೂಟೆ ಎಲ್ಲಿ?”

“ಸುಟ್ಟಾಯ್ತು.”

ಬೊಮ್ಮಿ ಅವರನ್ನೇ ನೋಡಿದಳು. ಆಮೇಲೆ ಪದ್ಮಿನಿಯ ಕಡೆ ತಿರುಗಿದಳು. “ಅವ್ವಾ, ಉಲ್ಲಿನ ತಪ್ಪಲ್ಲ. ಗೂಡಲ್ಲಿ ದ್ರಾಕ್ಷಿತೊಟ್ಟು ಸಿಕ್ಕಿತ್ತು. ಇವ್ರ್ಗೇ ತೋರಿಸ್ದೆ. ಅವತ್ತೇ ನಿಮ್ಗೂ ಏಳ್ಬೇಕಾಗಿತ್ತು. ಅದು ನನ್ ತಪ್ಪು.”

“ನಿನ್ನ ಕರ್ಕೊಂಡು ಬಂದೋರ ಮೇಲೇ ಹೊರಿಸ್ತೀಯಾ?” ಎಂದು ಬಸವಕುಮಾರ್ ಎದ್ದು ನಿಂತರು.

ಪದ್ಮಿನಿ ಕೈ ಎತ್ತಿ ಗಂಡನನ್ನು ಸುಮ್ಮನಾಗಿಸಿದರು. “ಡಾಕ್ಟ್ರೇ, ಕೊಟ್ಟಿದ್ರಾ?”

“ಇಲ್ಲ ಅಮ್ಮಾವ್ರೆ” ಎಂದರು ಪುಟ್ಟಸಿದ್ದಯ್ಯ. “ಮೂವತ್ತು ವರ್ಸ ಪಶು ಇಲಾಖೇಲಿ ಇದ್ದೋನು ನಾನು. ನಂಗೆ ಅಷ್ಟು ಗೊತ್ತಾಗಲ್ವಾ?”

ಪದ್ಮಿನಿ, “ನೀನು ಹೋಗು ಬೊಮ್ಮಿ” ಎಂದು ಒಳಗೆ ಹೋದರು. ಬೊಮ್ಮಿ ಕೈಯಲ್ಲಿದ್ದ ಹುಲ್ಲನ್ನು ಮೂಟೆಗೆ ಹಾಕಿ, ಬಾಯಿ ಕಟ್ಟಿ, ಮತ್ತೆ ತಲೆಗೆ ಎತ್ತಿಕೊಂಡಳು. ಮೂಟೆ ಎತ್ತಲು ಯಾರೂ ಕೈಕೊಡಲಿಲ್ಲ. ಮೈಸೂರಿನ ಮೂರು ಮನೆಯವರೂ ಸುದ್ದಿ ತಿಳಿದು ಆ ವಾರವೇ ಬೇಡವೆಂದರು.

ಹುಲ್ಲಿನ ಹೊಣೆ ಪುಟ್ಟಸಿದ್ದಯ್ಯನವರಿಗೆ ಬಂತು. ಮತ್ತೆ ಎಲ್ಲವನ್ನೂ ಅವರನ್ನೇ ಕೇಳುತ್ತಿದ್ದರು. ಬೇಕಾದದ್ದು ಸಿಕ್ಕಿತ್ತು. ಆದರೆ ಒಂಟಿಯಾದ ಬೆಳ್ಳಿ ಅವರು ಒಣಗಿಸಿದ ಹುಲ್ಲನ್ನು ಎಳೆದು ಹಾಕಿ ಅದರ ಮೇಲೆ ಕೂರುತ್ತಿತ್ತು. ಪ್ಯಾಕೆಟ್ಟಿನ ಹುಲ್ಲು ಬಂದಾಗ ನಾಲ್ಕು ದಿನ ತಿಂದು ಬಿಡುತ್ತಿತ್ತು. ತೂಕ ವಾರವಾರವೂ ಇಳಿಯಿತು. ಆ ಇಳಿಯುವ ಅಂಕಿಯನ್ನು ತಮ್ಮ ಕೈಯಲ್ಲೇ ಬರೆಯಬೇಕಾಗಿತ್ತು. ಒಂದು ತಿಂಗಳು ತಡೆದರು. ಆಮೇಲೆ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಲೊಕ್ಕನಹಳ್ಳಿಯ ಬಸ್ಸು ಹತ್ತಿದರು.

ಬೊಮ್ಮಿ ಹಟ್ಟಿಯ ಮುಂದೆ ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಚಾಪೆ ಹಾಕಿದಳು, ನೀರು ಕೊಟ್ಟಳು. ಕೊಯ್ದ ಹುಲ್ಲು ಸೂರಿನಡಿ ಹಾಗೇ ಇತ್ತು. ಹಸು ಅದನ್ನು ಎಳೆದೆಳೆದು ತಿನ್ನುತ್ತಿತ್ತು.

“ತಪ್ಪಾಯ್ತು ಕಣವ್ವ” ಎಂದರು ಪುಟ್ಟಸಿದ್ದಯ್ಯ. “ನಾನೇ ಕೊಟ್ಟಿದ್ದು. ಅವತ್ತು ಬಾಯಿ ಬರ್ಲಿಲ್ಲ. ಆ ಇನ್ನೊಂದು ಸೊರಗ್ತಾ ಅದೆ. ಒಂದ್ ಮೂಟೆ ಉಲ್ಲು ಕೊಟ್ರೆ ನಾನೇ ತಕಂಡ್ ಓಯ್ತೀನಿ. ನಿನ್ ಎಸ್ರು ಏಳಲ್ಲ.”

ಬೊಮ್ಮಿ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನಂಗ್ಯಾಕ್ ಏಳ್ತೀರಿ ಸಾ? ನಂಗೆ ಗೊತ್ತಿರೋದ್ನ. ಗೊತ್ತಿಲ್ದೋರ್ಗೆ ಏಳಿ.”

“ಏಳ್ತೀನಿ. ಏಳ್ದೆ ಇರಲ್ಲ. ಮೊದ್ಲು ಉಲ್ಲು...”

“ನಿಮ್ ಕೈಗೆ ಕೊಡಲ್ಲ” ಎಂದಳು. ದನಿ ಏರಿರಲಿಲ್ಲ. “ನಾಳೆ ಅದ್ಕೇನಾರ ಆದ್ರೆ, ಬೊಮ್ಮಿ ಉಲ್ಲು ಅಂತೀರಿ. ನಮ್ ಪೋಡಿನ ಎಂಗುಸ್ರು ಇನ್ನೂ ನಾಕ್ ಮನೆಗೆ ಉಲ್ಲು ಕೊಡೋಣ ಅಂತ ಮಾತಾಡ್ಕೊಂಡಿದ್ವಿ. ಈಗ ಸೋಲಿಗರ ಉಲ್ಲು ಅಂದ್ರೆ ಇಸ ಅಂತಾರಂತೆ. ನೀವು ಆ ಮೂಟೆ ಸುಟ್ರಲ್ಲ, ಅದು ನಾನು ಆರು ದಿನ ಒಣಗಿಸಿದ್ದು.”

ಹಿಂದಿರುಗುವ ಬಸ್ಸಿಗೆ ಎರಡು ಗಂಟೆಯಿತ್ತು. ಪುಟ್ಟಸಿದ್ದಯ್ಯ ಅಷ್ಟೂ ಹೊತ್ತು ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದರು.

ಆದರೂ ಅವರಿಗೆ ಇನ್ನೂ ಎರಡು ವಾರ ಹಿಡಿಯಿತು. ಎರಡು ಸಲ ಕೊಳ್ಳೇಗಾಲದ ಮನೆಯ ಗೇಟಿನವರೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ, ತೂಕ ಬರೆದು, ಕಾಫಿ ಕುಡಿದು ವಾಪಸು ಬಂದರು. ಮೂರನೆಯ ಸಲ ಪದ್ಮಿನಿ ಕಾಫಿ ತರುವ ಮೊದಲೇ, ನಿಂತುಕೊಂಡೇ ಎಲ್ಲವನ್ನೂ ಹೇಳಿದರು. ದ್ರಾಕ್ಷಿ, ಹುರುಳಿ, ಮೂಟೆ ಸುಟ್ಟದ್ದು, ಕಾರಿನಲ್ಲಿ ಹೇಳಿದ ಸುಳ್ಳು.

ಪದ್ಮಿನಿ ಕೂಗಾಡಲಿಲ್ಲ. ಅವರು ಬೆಳ್ಳಿಯ ಬೆನ್ನು ನೇವರಿಸುತ್ತಿದ್ದರು. ಬೆನ್ನುಮೂಳೆ ಕೈಗೆ ಸಿಗುತ್ತಿತ್ತು.

“ಆ ಮೂಟೆ ಹೊಗೆ ಇಲ್ದೆ ಉರೀತಲ್ಲ” ಎಂದರು. “ತೇವ ಇದ್ದಿದ್ರೆ ಹಾಗೆ ಉರಿಯಲ್ಲ ಅಂತ ಅಡುಗೆಮನೆ ಕಿಟಕಿಯಿಂದ ನೋಡ್ತಾನೇ ಅನ್ನಿಸಿತ್ತು ನನಗೆ.”

ಪುಟ್ಟಸಿದ್ದಯ್ಯ ತಲೆ ಎತ್ತಿದರು. “ಮತ್ತೆ ಯಾಕೆ ಅವತ್ತು...”

“ನಿಮ್ಮನ್ನ ಸುಳ್ಳುಗಾರ ಅನ್ನೋಕೆ ಧೈರ್ಯ ಬೇಕಿತ್ತು. ನಮ್ಮನೆಯವರ ಎದುರು, ನಿಮ್ಮ ವಯಸ್ಸಿನ ಎದುರು. ಅವಳನ್ನ ಹೋಗು ಅನ್ನೋಕೆ ಏನೂ ಬೇಕಿರಲಿಲ್ಲ.” ಪದ್ಮಿನಿ ಬೆಳ್ಳಿಯನ್ನು ಗೂಡಿಗೆ ಬಿಟ್ಟು ಬಾಗಿಲು ಹಾಕಿದರು. “ನಾಳೆಯಿಂದ ನೀವು ಬರಬೇಡಿ. ನೀವು ಬಂದ್ರೆ ನನ್ನ ಮುಖ ನನಗೇ ಕಾಣುತ್ತೆ.”

ಸಂಜೆ ವಿಷಯ ತಿಳಿದ ಬಸವಕುಮಾರ್ ಪುಟ್ಟಸಿದ್ದಯ್ಯನವರಿಗೆ ಫೋನು ಮಾಡಿದರು. “ಹೋಗ್ಲಿ ಬಿಡಿ, ಒಂದು ಇಲಿಜಾತಿ ಪ್ರಾಣಿಗೆ ಇಷ್ಟೆಲ್ಲ ಯಾಕೆ ಮನಸ್ಸು ಕೆಡಿಸ್ಕೋತೀರಿ?” ಎಂದರು. ಅಷ್ಟು ಸುಲಭವಾಗಿ ಸಿಕ್ಕ ಕ್ಷಮೆ ಬೈಗುಳಕ್ಕಿಂತ ಕೆಟ್ಟದಾಗಿ ಕೇಳಿಸಿತು.

ಪದ್ಮಿನಿ ಮರುದಿನವೇ ಕಾರು ಮಾಡಿಕೊಂಡು ಲೊಕ್ಕನಹಳ್ಳಿಗೆ ಹೋಗಿದ್ದರಂತೆ. ಬೊಮ್ಮಿ ಚಾಪೆ ಹಾಕಿ ಕೂರಿಸಿ, ಬೆಳ್ಳಿಗೆಂದು ಒಂದು ಮೂಟೆ ಹುಲ್ಲು ಕೊಟ್ಟಳಂತೆ. ಮತ್ತೆ ಗುರುವಾರ ಬರಲು ಒಪ್ಪಲಿಲ್ಲವಂತೆ. ಮೈಸೂರಿನವರಿಗೆ ಪದ್ಮಿನಿ ಖುದ್ದು ಫೋನು ಮಾಡಿ ನಿಜ ಹೇಳಿದರು. ಅವರು ಕೇಳಿಸಿಕೊಂಡು ಅಯ್ಯೋ ಪಾಪ ಎಂದರು. ಅಷ್ಟರಲ್ಲಿ ಬೇರೆ ಕಡೆಯಿಂದ ಹುಲ್ಲು ಗೊತ್ತು ಮಾಡಿಕೊಂಡಿದ್ದರು. ಬೊಮ್ಮಿ ಕೊಟ್ಟ ಮೂಟೆ ಮುಗಿಯುವ ಮೊದಲೇ ಪದ್ಮಿನಿ ಬೆಳ್ಳಿಯನ್ನು, ಇನ್ನೆರಡು ಚಿಂಚಿಲ್ಲಾ ಇದ್ದ ಮೈಸೂರಿನ ಮನೆಗೆ ಕೊಟ್ಟು ಬಂದರು.

ಮಾಘದಲ್ಲಿ ಒಂದು ದಿನ ಪುಟ್ಟಸಿದ್ದಯ್ಯ ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಯಳಂದೂರಿನ ಬಸ್ಸು ಕಾಯುತ್ತಿದ್ದರು. ಬೊಮ್ಮಿ ಕಂಡಳು. ಆರೇಳು ಹೆಂಗಸರ ಜೊತೆ, ಕಂಕುಳಲ್ಲಿ ಬಟ್ಟೆಗಂಟು. ಕಾಫಿ ತೋಟದ ಕೂಲಿಗೆ, ಎರಡು ತಿಂಗಳಿಗೆ ಹೊರಟವರು. ಪುಟ್ಟಸಿದ್ದಯ್ಯ ಜನರ ನಡುವೆ ದಾರಿ ಮಾಡಿಕೊಂಡು ಹತ್ತಿರ ಹೋದರು.

“ಬೊಮ್ಮಿ, ನಾನು ಅವ್ರಿಗೆ ಎಲ್ಲಾ ಏಳ್ದೆ.”

“ಊಂ ಸಾ. ಗೊತ್ತಾಯ್ತು.”

ಬೊಮ್ಮಿ ಗಂಟನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು. ಅವಳೇ ಕೇಳಿದಳು. “ಮಂಡಿನೋವು ಎಂಗದೆ?”

“ಅಂಗೇ ಅದೆ.”

“ಬಿಸಿ ಉಪ್ಪಿನ ಸಾಕ ಕೊಡಿ.”

“ಹಸ ಯಾರು ನೋಡ್ಕೋತಾರೆ?”

“ಮಾರ್ದೆ ಸಾ.”

ಬಸ್ಸು ಬಂತು. ಹೆಂಗಸರು ಗಂಟುಗಳನ್ನು ಕಿಟಕಿಯಿಂದ ಸೀಟಿಗೆ ಎಸೆದು ಬಾಗಿಲಿಗೆ ನುಗ್ಗಿದರು. “ಬತ್ತೀನಿ ಸಾ” ಎಂದು ಬೊಮ್ಮಿ ಅವರೊಂದಿಗೆ ಹತ್ತಿದಳು. ಅವಳಿಗೆ ಪುಟ್ಟಸಿದ್ದಯ್ಯ ನಿಂತಿದ್ದ ಬದಿಯ ಕಿಟಕಿಯ ಸೀಟೇ ಸಿಕ್ಕಿತು. ಬಸ್ಸು ಹಿಂದಕ್ಕೆ ಸರಿದು ತಿರುಗುವವರೆಗೂ ಪುಟ್ಟಸಿದ್ದಯ್ಯ ಕೆಳಗೆ ನಿಂತಿದ್ದರು. ಬೊಮ್ಮಿ ಪಕ್ಕದವಳ ಜೊತೆ ಏನೋ ಮಾತಾಡಿ ನಗುತ್ತಿದ್ದಳು. ಇತ್ತ ತಿರುಗಲಿಲ್ಲ.